ಮೂವತ್ತು ಸೆಕೆಂಡು

"ನಿಲ್ಲಿಸಿ, ಮೇಡಂ!"

ಚರ್ಮಕ್ಕೆ ಇನ್ನೇನು ತಾಗಬೇಕಿದ್ದ ಚಾಕು ಗಾಳಿಯಲ್ಲೇ ನಿಂತಿತು.

ಆಪರೇಷನ್ ಥಿಯೇಟರಿನಲ್ಲಿ ಒಂದು ಕ್ಷಣ ಯಾರೂ ಉಸಿರಾಡಲಿಲ್ಲ... ಮೇಜಿನ ಮೇಲೆ ಮಲಗಿದ್ದ ರೋಗಿಯೊಬ್ಬನನ್ನು ಬಿಟ್ಟು!

ಒಂಬತ್ತು ವರ್ಷಗಳಲ್ಲಿ ಆ ಕೋಣೆಯೊಳಗೆ ಅವಳ ಕೈ ತಡೆದವರಿರಲಿಲ್ಲ. ಸರ್ಜರಿ ವಿಭಾಗದ ಮುಖ್ಯಸ್ಥೆ ಅವಳು. ಬೆನ್ನ ಹಿಂದೆ ಎಲ್ಲರೂ ಅವಳನ್ನು ಕರೆಯುತ್ತಿದ್ದುದು 'ಬೆಂಕಿ ಮೇಡಂ' ಎಂದು. ಅದು ಅವಳಿಗೂ ಗೊತ್ತಿತ್ತು. ಸುಳ್ಳೇಕೆ, ಒಳಗೊಳಗೇ ಆ ಹೆಸರು ಅವಳಿಗೆ ಹಿಡಿಸಿಯೂ ಇತ್ತು.

ಅವಳು ನಿಧಾನವಾಗಿ ತಲೆಯೆತ್ತಿದಳು. ರೋಗಿಯ ತಲೆಯ ಬಳಿ, ಅರಿವಳಿಕೆ ಯಂತ್ರದ ಪಕ್ಕದಲ್ಲಿ, ಹೊಸಬ ನಿಂತಿದ್ದ. ಹೊರದೇಶದಿಂದ ಅವತ್ತೇ ಬಂದು ಸೇರಿದ ಅರಿವಳಿಕೆ ಡಾಕ್ಟರ್. ಮಾಸ್ಕಿನ ಮೇಲೆ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಆ ಕಣ್ಣುಗಳಲ್ಲಿ ಹೆದರಿಕೆಯ ಸುಳಿವೇ ಇರಲಿಲ್ಲ!

"ಯಾಕೆ ನಿಲ್ಲಿಸಬೇಕು?" ಅವಳ ದನಿ ತಣ್ಣಗಿತ್ತು. ಅದು ಇನ್ನೂ ಅಪಾಯ ಎಂದು ಅಲ್ಲಿದ್ದವರಿಗೆಲ್ಲ ಗೊತ್ತು.

"ಮೂವತ್ತು ಸೆಕೆಂಡು ಸಾಕು, ಮೇಡಂ. ಮೂರೇ ಪ್ರಶ್ನೆ. ರೋಗಿ ಯಾರು? ಏನು ಮಾಡ್ತಿದ್ದೀವಿ? ಯಾವ ಬದಿ? ಎಲ್ಲರೂ ಜೋರಾಗಿ ಹೇಳಬೇಕು."

"ಇದೇನು ಮಗ್ಗಿ ಒಪ್ಪಿಸೋ ಕ್ಲಾಸಾ?"

"ಅಲ್ಲ ಮೇಡಂ. ಆದ್ರೆ ಹೇಳೋ ತನಕ ನಾನು ಬಿಡಲ್ಲ."

ಹಿರಿಯ ನರ್ಸ್, ಎಲ್ಲರ ಪಾಲಿನ ದೊಡ್ಡಕ್ಕ, ಮಾಸ್ಕಿನೊಳಗೇ ನಕ್ಕಳು. ಉತ್ತರ ಹೇಳಿದವಳೂ ಅವಳೇ. ಹೊಸಬ ತಲೆಯಾಡಿಸಿದ.

"ಮುಂದುವರಿಸಬಹುದು."

*ನನ್ನ ಥಿಯೇಟರ್‌ನಲ್ಲಿ ನನಗೇ ಅನುಮತಿ ಕೊಡ್ತಾನಾ ಇವನು!*

ಆಪರೇಷನ್ ಮುಗಿದದ್ದೇ ತಡ, ಕೈಗವಸು ಕಿತ್ತು ಬುಟ್ಟಿಗೆ ಎಸೆದಳು.

"ಕೇಳಿ ಡಾಕ್ಟ್ರೇ, ನಿಮ್ಮ ಪರೀಕ್ಷೆಯ ಅವಧಿ ಮೂವತ್ತು ದಿನ. ಕೊನೇ ದಿನ ನಾನು ಸಹಿ ಹಾಕಿದ್ರೆ ಇಲ್ಲಿರ್ತೀರಿ. ಇಲ್ಲ ಅಂದ್ರೆ ಗಂಟುಮೂಟೆ ಕಟ್ಟಿ ನಿಮ್ಮ ದೇಶಕ್ಕೆ ಹೊರಡ್ತೀರಿ. ನಿಮಗಿಂತ ಮುಂಚೆ ಮೂವರು ಬಂದಿದ್ರು. ಕೆಲಸ ಕಲಿತರು, ಅನುಭವದ ಪತ್ರ ಈಸ್ಕೊಂಡರು, ಹೋದರು. ನಿಮಗೆ ಎಷ್ಟು ದಿನ ಬೇಕಾಗುತ್ತೋ ನೋಡೋಣ."

"ನಾನು ಹೋಗೋಕೆ ಬಂದಿಲ್ಲ, ಮೇಡಂ."

ಅಷ್ಟು ಸರಳವಾದ ಮಾತಿಗೆ ಅವಳ ಎದೆ ಯಾಕೆ ಹಾಗೆ ಬಡಿದುಕೊಂಡಿತೋ...! ಅದಕ್ಕೂ ಸೇರಿಸಿ ಅವನ ಮೇಲೇ ಸಿಟ್ಟಾದಳು.

ಮೂರನೆಯ ದಿನ ಕ್ಯಾಂಟೀನಿನಲ್ಲಿ ಕುರ್ಚಿ ಖಾಲಿ ಇರಲಿಲ್ಲ. ಯಾರೋ ಎದ್ದು ಜಾಗ ಬಿಟ್ಟುಕೊಟ್ಟರು. ಎಷ್ಟು ಒಳ್ಳೆಯ ಮುಖ! ನಕ್ಕರೆ ಕೆನ್ನೆಯಲ್ಲಿ ಸಣ್ಣ ಗುಳಿ ಬೇರೆ. ಅವಳೂ ಮನಸಾರೆ ನಕ್ಕಳು.

"ತುಂಬಾ ಥ್ಯಾಂಕ್ಸ್."

"ಪರವಾಗಿಲ್ಲ ಮೇಡಂ. ನಾಳೆ ಎಂಟಕ್ಕೆ ಕಿಡ್ನಿ ಕೇಸು ಇದೆಯಲ್ಲ?"

ಅದೇ ದನಿ! ಮಾಸ್ಕಿಲ್ಲದ ಅವನನ್ನು ಅವಳು ನೋಡಿದ್ದು ಅದೇ ಮೊದಲು. ಕೊಟ್ಟ ನಗುವನ್ನು ವಾಪಸ್ ಪಡೆಯುವ ದಾರಿಯಿದ್ದಿದ್ದರೆ ಪಡೆದೇಬಿಡುತ್ತಿದ್ದಳು. ಟೀ ಕುಡಿಯದೆ ಎದ್ದು ಹೋದಳು.

ಆಮೇಲೆ ಶುರುವಾಯಿತು ನೋಡಿ ಅವಳ ಕಾಟ! ಅತಿ ಹಳೆಯ ಯಂತ್ರ ಅವನ ಪಾಲಿಗೆ. ಅತಿ ಕಷ್ಟದ ಕೇಸುಗಳು ಅವನ ಪಾಲಿಗೆ. ದಿನವೂ ಕೈಯಲ್ಲಿ ಗಡಿಯಾರ ಹಿಡಿದು ಅವನ ಪ್ರಶ್ನೆಗಳನ್ನು ಅಳೆದಳು. "ಮೂವತ್ತೊಂದು ಸೆಕೆಂಡಾಯ್ತು ಡಾಕ್ಟ್ರೇ, ಒಂದು ಸೆಕೆಂಡು ಸಾಲ!" ಎಂದು ಚುಚ್ಚಿದಳು. ಇಡೀ ಆಸ್ಪತ್ರೆ ಅವನಿಗೆ 'ಮೂವತ್ತು ಸೆಕೆಂಡು' ಎಂದೇ ಹೆಸರಿಟ್ಟಿತು. ಅವನು ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹಾಗೆಂದು ಪ್ರಶ್ನೆ ಕೇಳುವುದನ್ನು ಒಂದು ದಿನವೂ ಬಿಡಲಿಲ್ಲ.

ಇಪ್ಪತ್ತನೆಯ ದಿನ, ಕೈ ತೊಳೆಯುವ ನಲ್ಲಿಯ ಬಳಿ ಅವಳೇ ಕೇಳಿಬಿಟ್ಟಳು.

"ಇಷ್ಟೊಂದು ಹಟ ಯಾಕೆ?"

ಅವನು ನೀರು ನಿಲ್ಲಿಸಿದ.

"ನನ್ನ ಮೊದಲ ಬಾಸ್ ನಿಮ್ಮ ಥರಾನೇ ಇದ್ದರು. ಜಾಣರು, ಭಯಂಕರ ಸಿಟ್ಟು. ಒಂದು ದಿನ ಬದಿ ತಪ್ಪಾಗಿದೆ ಅಂತ ನನಗೆ ಅನುಮಾನ ಬಂತು. ಬೈಸ್ಕೊಳ್ಳೋಕೆ ಹೆದರಿ ಸುಮ್ಮನಾದೆ. ಆ ಮನುಷ್ಯನ ಒಳ್ಳೇ ಕಿಡ್ನಿ ಹೋಯ್ತು. ಅವತ್ತಿಂದ ಸುಮ್ಮನಿರೋಕೆ ಆಗಲ್ಲ, ಮೇಡಂ."

ಅವತ್ತು ಥಿಯೇಟರಿನಲ್ಲಿ ಅವಳು ಗಡಿಯಾರ ಹಿಡಿಯಲಿಲ್ಲ. ಅವನು ಕೇಳಿದ ಕೂಡಲೇ, ಎಲ್ಲರಿಗಿಂತ ಮೊದಲು, ತಾನೇ ಉತ್ತರ ಹೇಳಿದಳು. ದೊಡ್ಡಕ್ಕ ಹುಬ್ಬೇರಿಸಿದ್ದನ್ನು ಕಂಡೂ ಕಾಣದ ಹಾಗಿದ್ದಳು.

*ನನಗೇನಾಗ್ತಿದೆ...? ಬೆಳಿಗ್ಗೆ ಎದ್ದ ಕೂಡಲೇ ಆ ಮೂರು ಪ್ರಶ್ನೆ ಕೇಳೋ ದನಿ ನೆನಪಾಗುತ್ತಲ್ಲ!*

ಅಷ್ಟರಲ್ಲಿ ಇಪ್ಪತ್ತೆಂಟನೆಯ ದಿನ ಬಂತು. ಅವನು ಕೈಯಲ್ಲೊಂದು ಕಾಗದ ಹಿಡಿದು ಸೂಪರಿಂಟೆಂಡೆಂಟರ ಕೋಣೆಗೆ ಹೋಗುವುದನ್ನು ಅವಳು ಕಣ್ಣಾರೆ ಕಂಡಳು. ಸಂಜೆ ಸೂಪರಿಂಟೆಂಡೆಂಟರು, "ನಿಮ್ಮ ವಿಚಾರವಾಗಿ ಹೊಸ ಡಾಕ್ಟರು ಒಂದು ಪತ್ರ ಕೊಟ್ಟಿದ್ದಾರೆ. ಆಮೇಲೆ ಮಾತಾಡೋಣ," ಎಂದು ಹೋಗಿಬಿಟ್ಟರು.

ದೂರು! ಇನ್ನೇನಿರುತ್ತದೆ? ಎದುರಿಗೆ ನಗು, ಹಿಂದಿನಿಂದ ಚೂರಿ! ಅವಳಿಗೆ ಅಳುವೇ ಬಂದುಬಿಟ್ಟಿತು. ಮೇಜಿನ ಡ್ರಾಯರಿನಿಂದ ಅವನ ಪರೀಕ್ಷೆಯ ಫಾರಂ ತೆಗೆದು ದಪ್ಪ ಅಕ್ಷರದಲ್ಲಿ 'ಬೇಡ' ಎಂದು ಬರೆದಳು. ಸಹಿಯೊಂದು ಬಾಕಿ.

ಆದರೆ ಅದೇ ದಿನ ಮನೆಯಲ್ಲಿ ಬೇರೆಯೇ ಸುದ್ದಿ ಕಾದಿತ್ತು. ಅಮ್ಮ ಹೊಟ್ಟೆಯ ಕೆಳಗೊಂದು ಗಂಟನ್ನು ಐದು ತಿಂಗಳಿನಿಂದ ಮುಚ್ಚಿಟ್ಟಿದ್ದಳು. "ಮಗಳ ಹತ್ರ ಇದನ್ನೆಲ್ಲ ಹೇಗೆ ಹೇಳ್ಲೇ, ನಾಚಿಕೆ ಆಗುತ್ತೆ," ಎಂದಳು. ಅಡುಗೆಮನೆಯ ಗೋಡೆಗೆ ಒರಗಿ ನಿಂತ ಅಮ್ಮನನ್ನು ಅವಳು ಗಡಿಬಿಡಿಯಲ್ಲೇ ಮುಟ್ಟಿ ನೋಡಿದಳು. ಹರ್ನಿಯಾ. ತಡಮಾಡುವಂತಿರಲಿಲ್ಲ.

ಹೆತ್ತ ತಾಯಿಯ ಮೇಲೆ ಚಾಕು ಹಿಡಿಯಲು ಅವಳ ಕೈ ಒಪ್ಪಲಿಲ್ಲ. ಅವಳಿಗೆ ಕೆಲಸ ಕಲಿಸಿದ ಹಿರಿಯ ಸರ್ಜನ್ ಒಪ್ಪಿಕೊಂಡರು. "ನೀನು ನೋಡಿ ಬರೆದ ಮೇಲೆ ನಾನೇನಮ್ಮ ನೋಡೋದು?" ಎಂದುಬಿಟ್ಟರು. ಮೂವತ್ತನೆಯ ದಿನ, ಬೆಳಿಗ್ಗೆ ಒಂಬತ್ತಕ್ಕೆ. ಅರಿವಳಿಕೆಯ ಪಾಳಿ ಯಾರದ್ದು? ಅವನದ್ದೇ!

ಥಿಯೇಟರಿನ ಬಾಗಿಲು ಮುಚ್ಚಿತು. ಜೀವನದಲ್ಲೇ ಮೊದಲ ಸಲ ಅವಳು ಅದರ ಹೊರಗೆ, ಬೆಂಚಿನ ಮೇಲೆ, ಉಳಿದ ರೋಗಿಗಳ ಸಂಬಂಧಿಕರ ನಡುವೆ ಕೂತಿದ್ದಳು.

ನಾಲ್ಕೇ ನಿಮಿಷ. ಬಾಗಿಲು ತೆರೆಯಿತು. ಅವನು!

ಅವಳು ತಟ್ಟನೆ ಎದ್ದಳು. "ಅಮ್ಮ... ಅಮ್ಮನಿಗೆ ಏನಾಯ್ತು?"

"ಏನೂ ಆಗಿಲ್ಲ ಮೇಡಂ. ಇಂಜೆಕ್ಷನ್ನೂ ಕೊಟ್ಟಿಲ್ಲ. ನಾನೇ ನಿಲ್ಲಿಸಿದ್ದೀನಿ."

ಅವಳು ತಡೆದಿಟ್ಟಿದ್ದ ಸಿಟ್ಟೆಲ್ಲ ಒಮ್ಮೆಲೇ ಹೊರಬಿತ್ತು.

"ಇವತ್ತೂನಾ? ನನ್ನ ಮೇಲಿನ ದ್ವೇಷಾನ ನಮ್ಮಮ್ಮನ ಮೇಲೆ ತೀರಿಸ್ಕೊಳ್ತೀರಾ? ದೂರು ಕೊಟ್ಟಿದ್ದು ಸಾಲಲಿಲ್ವಾ?"

ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ದನಿ ಏರಿಸಲಿಲ್ಲ. ಬೇರೆಯವರಿಗೆ ಕಾಣದ ಹಾಗೆ ಅಡ್ಡ ನಿಂತು ಅಮ್ಮನ ಕೇಸಿನ ಫಾರಂ ಮುಂದೆ ಹಿಡಿದ.

"ನಿಮ್ಮ ಅಕ್ಷರ ಮೇಡಂ. 'ಬಲ' ಅಂತಿದೆ. ನಾನು ಕೇಳಿದಾಗ ಅಮ್ಮ ಕೈ ಇಟ್ಟು ತೋರಿಸಿದ್ದು ಎಡಕ್ಕೆ. ಮಲಗಿದ ಮೇಲೆ ಗಂಟು ಒಳಗೆ ಸೇರ್ಕೊಂಡಿದೆ, ಕಣ್ಣಿಗೆ ಕಾಣ್ತಿಲ್ಲ... ನೀವು ನೋಡಿದಾಗ ಎಲ್ಲಿ ನಿಂತಿದ್ರಿ?"

ಎಲ್ಲಿ ನಿಂತಿದ್ದೆ? ಅಡುಗೆಮನೆ. ಗೋಡೆಗೆ ಒರಗಿದ ಅಮ್ಮ. ಎದುರಿಗೆ ತಾನು... ಅವಳ ಕೈ ತಾನಾಗಿಯೇ ಮೇಲೆದ್ದು ಆ ಗಂಟನ್ನು ಗಾಳಿಯಲ್ಲಿ ಮುಟ್ಟಿತು. ತನ್ನ ಬಲಗಡೆ. ಎದುರು ನಿಂತ ಅಮ್ಮನ ಎಡಗಡೆ!

ಸಾವಿರಾರು ರೋಗಿಗಳಲ್ಲಿ ಒಮ್ಮೆಯೂ ಆಗದ ತಪ್ಪು. ಅಮ್ಮನ ಮುಂದೆ ಅವಳು ಡಾಕ್ಟರಾಗಿ ನಿಂತಿರಲಿಲ್ಲ, ಹೆದರಿದ ಮಗಳಾಗಿ ನಿಂತಿದ್ದಳು.

"ಎಡ..." ಅವಳು ಆ ಅಕ್ಷರದ ಮೇಲೆ ಬೆರಳಿಟ್ಟಳು. "ಎಡವೇ ಡಾಕ್ಟ್ರೇ. ನಾನು... ನಾನೇ ತಪ್ಪು ಬರೆದೆ."

"ಹಿರಿಯರು ಈಗ ಅಮ್ಮನನ್ನ ಎದ್ದು ನಿಲ್ಲಿಸಿ ಇನ್ನೊಂದು ಸಲ ಪರೀಕ್ಷೆ ಮಾಡ್ತಾರೆ. ಆದ್ರೆ ಇದನ್ನ ತಪ್ಪುಗಳ ಪುಸ್ತಕದಲ್ಲಿ ಬರೀಲೇಬೇಕು, ಮೇಡಂ. ಹೆಸರು ಬೇಕಂತಿಲ್ಲ."

"ಹೆಸರು ಹಾಕಿಯೇ ನಾನು ಬರೀತೀನಿ. ನೀವು ಒಳಗೆ ಹೋಗಿ. ಅಮ್ಮ ಒಬ್ಬಳೇ ಇದ್ದಾಳೆ."

ದೊಡ್ಡಕ್ಕ ಪುಸ್ತಕ ತಂದುಕೊಟ್ಟಳು. ಅವಳು ಅಳುತ್ತಲೇ ಬರೆದು ಮುಗಿಸಿದಳು.

"ದೂರು ಅಂದ್ಯಲ್ಲಮ್ಮ, ಯಾವ ದೂರು?" ದೊಡ್ಡಕ್ಕ ಪಕ್ಕದಲ್ಲಿ ಕೂತಳು. "ಮೇಲಿನ ಮಹಡಿಯ ಹೊಸ ಥಿಯೇಟರ್‌ಗೆ ಹೋಗು, ಅಲ್ಲಿ ಬೈಯೋರಿಲ್ಲ ಅಂತ ಸೂಪರಿಂಟೆಂಡೆಂಟರು ಅವನಿಗೆ ಹೇಳಿದ್ರು. ಬೇಡ, ನಾನು ಈ ಮೇಡಂ ಹತ್ರಾನೇ ಇರ್ತೀನಿ, ಇಷ್ಟು ಒಳ್ಳೇ ಕೈ ನಾನು ಎಲ್ಲೂ ನೋಡಿಲ್ಲ ಅಂತ ಬರೆದುಕೊಟ್ಟ. ಅದರ ಕನ್ನಡ ತಿದ್ದಿಸೋಕೆ ನನ್ನ ಹತ್ರಾನೇ ತಂದಿದ್ದ!"

ಅಯ್ಯೋ...! ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಒಂದು ಗಂಟೆಯ ಮೇಲೆ ಅವನು ಹೊರಬಂದ. ಮಾಸ್ಕ್ ಕೆಳಗಿಳಿದಿತ್ತು. ಕೆನ್ನೆಯಲ್ಲಿ ಗುಳಿ ಕಾಣುತ್ತಿತ್ತು.

"ಎಲ್ಲ ಚೆನ್ನಾಗಾಯ್ತು. ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದು ನನ್ನ ತಪ್ಪು, ಮೇಡಂ. ಅಮ್ಮ ಎಚ್ಚರವಾಗೇ ಇದ್ದು ಪೂರ್ತಿ ಹೊತ್ತೂ ನನ್ನನ್ನ ವಿಚಾರಿಸ್ಕೊಂಡರು! ಅಡುಗೆ ಬರುತ್ತಾ? ಮದುವೆ ಆಗಿದೆಯಾ? ನಮ್ಮ ಹುಡುಗಿ ನಿನ್ನನ್ನ ಯಾಕೆ ಅಷ್ಟು ಬೈತಾಳೆ?"

ಅವಳು ಅಳುತ್ತಳುತ್ತಲೇ ನಕ್ಕುಬಿಟ್ಟಳು. "ನೀವೇನು ಹೇಳಿದ್ರಿ?"

"ಬರುತ್ತೆ. ಇಲ್ಲ. ಗೊತ್ತಿಲ್ಲ."

ಅವಳು ಜೇಬಿನಿಂದ ಫಾರಂ ತೆಗೆದಳು. 'ಬೇಡ' ಎಂಬುದನ್ನು ಅವನೆದುರೇ ಹೊಡೆದುಹಾಕಿ, 'ಬೇಕು' ಎಂದು ಬರೆದು ಸಹಿ ಹಾಕಿದಳು. ಅವನು ಅದನ್ನು ತೆಗೆದುಕೊಂಡು, ತಲೆಬಾಗಿ ಹೊರಟ.

"ನಿಲ್ಲಿ, ಡಾಕ್ಟ್ರೇ!"

ಅವನು ನಿಂತ.

"ಮೂವತ್ತು ಸೆಕೆಂಡು ಸಾಕು. ನಿಮ್ಮ ಪ್ರಶ್ನೆ ಕೇಳಿ."

ಅವನು ಅವಳನ್ನೇ ನೋಡಿದ. ಅರ್ಥವಾಗುತ್ತಿದ್ದಂತೆ ಆ ಕಣ್ಣು ಹೊಳೆಯಿತು. ಮೊದಲ ಬಾರಿಗೆ ಅವನ ದನಿ ನಡುಗಿತು.

"ರೋಗಿ... ಯಾರು?"

"ನಾನೇ."

"ಏನು ಮಾಡ್ತಿದ್ದೀವಿ?"

"ಒಪ್ಕೊಳ್ತಿದ್ದೀನಿ. ಮೂರನೇ ದಿನ ಕ್ಯಾಂಟೀನಲ್ಲೇ ಶುರುವಾಗಿತ್ತು."

"ಯಾವ ಬದಿ?"

ಅವಳು ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಎಡ. ಈ ಸಲ ನನ್ನದೇ ಎಡ... ತಪ್ಪಿಲ್ಲ."

ಅವನು ಹತ್ತಿರ ಬಂದು, ಆ ಕೈಯ ಮೇಲೆ ಮೆಲ್ಲಗೆ ತನ್ನ ಕೈ ಇಟ್ಟ.

"ಮುಂದುವರಿಸಬಹುದು, ಮೇಡಂ."