ತೂತು ಮಡಕೆಯ ನೀರು

ಬಹಳ ಹಿಂದೆ, ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಸೀಳುಗಿರಿ ಎಂಬೊಂದು ರಾಜ್ಯವಿತ್ತು. ಅಲ್ಲಿನ ಮಕ್ಕಳಿಗೆ ಪಾಠ ಹೇಳುತ್ತಿದ್ದವನು ಬೊಪ್ಪಯ್ಯ. ಒಂದು ದಿನ ಅವನು ತಳದಲ್ಲಿ ಸಣ್ಣ ಸಣ್ಣ ತೂತುಗಳಿದ್ದ ಮಡಕೆಯನ್ನು ನೀರಲ್ಲಿ ಮುಳುಗಿಸಿ, ಅದರ ಕಿರಿದಾದ ಬಾಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ ಮೇಲೆತ್ತಿದ. ಒಂದು ಹನಿಯೂ ಬೀಳಲಿಲ್ಲ!

“ಕೆಳಗಿಂದ ಗಾಳಿ ಒತ್ತಿ ಹಿಡಿದಿದೆ ಮಕ್ಕಳೇ. ಮೇಲಿಂದಲೂ ಗಾಳಿ ಹೊಕ್ಕರೆ ನೀರು ನಿಲ್ಲಲ್ಲ, ನೋಡಿ,” ಎಂದು ಕೈ ತೆಗೆದ. ನೀರು ಜರ್ರನೆ ಸುರಿಯಿತು. ಮಕ್ಕಳು ಹೋ ಎಂದರು. ಬಾಗಿಲ ಬಳಿ ನಿಂತಿದ್ದ ಅವನ ಹೆಂಡತಿ ಪದ್ಮಲೆಯೂ ನಕ್ಕಳು.

ಯಾವನೋ ಗಾಳಿಯನ್ನು ಆಳುತ್ತಾನಂತೆ ಎಂಬ ಸುದ್ದಿ ಮಾಂತ್ರಿಕ ಕಾಳಜಟನ ಕಿವಿಗೆ ಬಿತ್ತು. ಗಾಳಿ ತನ್ನೊಬ್ಬನ ಆಳು ಎಂದು ಮೆರೆಯುತ್ತಿದ್ದವನಿಗೆ ಮೈಯೆಲ್ಲ ಉರಿಯಿತು. ಬಂದವನೇ ಬೊಪ್ಪಯ್ಯನನ್ನು ಕಲ್ಲು ಮಾಡಿ, ತನ್ನ ಕೋಟೆಯ ಅಂಗಳದಲ್ಲಿ ನಿಲ್ಲಿಸಿಬಿಟ್ಟ.

ಪದ್ಮಲೆಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಗಂಡನ ಒಂದು ಬೈಗುಳ ಕೇಳಿದರೂ ಸಾಕಿತ್ತು ಅವಳಿಗೆ. ಕೊನೆಗೆ ತಡೆಯಲಾರದೆ ಕೋಟೆಗೇ ಹೋದಳು.

“ಬೆಳ್ಳಿಕೊಳದ ನೀರು ತಂದು ಸುರಿ, ನಿನ್ನ ಗಂಡ ಏಳ್ತಾನೆ, ನನ್ನ ಮಾಯೆಯೇ ಅಳಿಯುತ್ತೆ. ಆದರೆ ಅವನ ತೂತು ಮಡಕೆಯಲ್ಲೇ ತರಬೇಕು!” ಎಂದು ಕಾಳಜಟ ಹೊಟ್ಟೆ ಹಿಡಿದು ನಕ್ಕ. ಪಾಠದ ಸುದ್ದಿ ಕೇಳಿದ್ದನೇ ಹೊರತು ಪಾಠ ಕೇಳಿರಲಿಲ್ಲ ಮಹಾಶಯ.

ಪದ್ಮಲೆ ಕೊಳದಲ್ಲಿ ಮಡಕೆ ಮುಳುಗಿಸಿ, ಎಡಗೈಯಲ್ಲಿ ಅಪ್ಪಿ, ಬಲ ಅಂಗೈಯಿಂದ ಬಾಯಿ ಮುಚ್ಚಿ ಹೊರಟಳು. ಮೊದಲು ಕಾಳಜಟನ ಮಾಯೆಯ ಬೆಂಕಿಗಣ್ಣಿನ ಹುಲಿ ಅಡ್ಡ ಬಂತು.

“ಕೈಯೆತ್ತಿ ಮುಗಿ, ದಾರಿ ಬಿಡ್ತೀನಿ!”

“ತಲೆ ಬಾಗ್ತೀನಪ್ಪ, ಕೈ ಮಾತ್ರ ಎತ್ತಲ್ಲ,” ಎಂದು ಬಾಗಿದಳು. ಹುಲಿ ಹೊಗೆಯಾಯಿತು. ಆಮೇಲೆ ಚಿನ್ನದ ಜೇನುಗಳು ಮುಖದ ತುಂಬ ಕುಟುಕಿದವು. “ಅಯ್ಯೋ ಅಮ್ಮಾ!” ಅಂದಳೇ ಹೊರತು ಕೈ ಎತ್ತಲಿಲ್ಲ.

ಕೋಟೆ ಬಾಗಿಲಲ್ಲಿ ಬೊಪ್ಪಯ್ಯನೇ ನಿಂತಿದ್ದ. ಅದೇ ಕಣ್ಣು, ಅದೇ ನಗು.

“ಬಾರೇ ಪದ್ಮಲೆ. ಮಡಕೆ ಹಾಳಾಗ್ಲಿ, ನನ್ನ ಕೈ ಹಿಡಿ.”

ಅವಳ ಜೀವವೆಲ್ಲ ಅವನತ್ತ ಎಳೆಯಿತು. ಎಷ್ಟು ದಿನದ ಹಂಬಲ! ಬೆರಳು ಸಡಿಲವಾಯಿತು, ಒಂದು ಹನಿ ಜಿನುಗಿತು.

“ಕೈ ತೆಗೆದರೆ ಏನಾಗುತ್ತೆ ಅಂತ ಹೇಳಿಕೊಟ್ಟವರು ಕೈ ತೆಗಿ ಅನ್ನಲ್ಲ,” ಎಂದು ಅಳುತ್ತಲೇ ಅವನನ್ನು ದಾಟಿ ನಡೆದಳು. ಹಿಂದೆ ಏನೋ ಬುಸ್ಸೆಂದಿತು. ತಿರುಗಿ ನೋಡಲಿಲ್ಲ.

ಅಂಗಳದ ಕಲ್ಲಿನ ಮೇಲೆ ಮಡಕೆ ಹಿಡಿದು ಅಂಗೈ ತೆಗೆದಳು. ಕಲ್ಲು ನೆನೆಯಿತು, ಬೆಚ್ಚಗಾಯಿತು, ಉಸಿರಾಡಿತು. ಮಾಯೆಯೆಲ್ಲ ಅಳಿದ ಕಾಳಜಟ ಬರೀ ಮುದುಕನಾಗಿ, ಎದ್ದೆನೋ ಬಿದ್ದೆನೋ ಎಂದು ಓಡಿದ.

“ಚಳಿ ಕಣೇ,” ಎಂದ ಬೊಪ್ಪಯ್ಯ, ತೊಯ್ದು ತೊಪ್ಪೆಯಾಗಿ.

ಪದ್ಮಲೆ ಜೋಮು ಹಿಡಿದ ಎರಡೂ ಕೈಗಳಿಂದ ಅವನನ್ನು ಬಿಗಿದಪ್ಪಿದಳು. ಮಡಕೆ ಬಿದ್ದು ಒಡೆಯಿತು. ಒಡೆಯಲಿ ಬಿಡಿ! ಊರಿಗೆ ಊರೇ ಸುಖವಾಗಿ ಬಾಳಿತು, ಕೇಳಿದ ನಿಮ್ಮ ಮನೆಯೂ ಹಾಗೇ ಬಾಳಲಿ.