ತಾತನ ಹುತ್ತ

ಕೀರ್ತಿ ಹುತ್ತದ ಮುಂದೆ ಕುಕ್ಕರಗಾಲಲ್ಲಿ ಕೂತು ಮತ್ತೊಮ್ಮೆ ನೋಡಿದಳು. ನಾಲ್ಕೇ ಅಣಬೆ ಮೊಗ್ಗು. ಅವೂ ಬೆರಳ ತುದಿಯಷ್ಟು ಮಾತ್ರ ಇಣುಕಿದ್ದವು. ಇಷ್ಟರಲ್ಲಿ ಸಾರು ಎಲ್ಲಿಂದ ಆಗಬೇಕು?

ಗುಡುಗಿದ ಮೂರನೇ ದಿನ ಹೋಗಬೇಕು ಅನ್ನುವುದು ತಾತನ ಲೆಕ್ಕ. ಇವತ್ತಿನ್ನೂ ಎರಡನೇ ದಿನ. ಆದರೆ ನಾಳೆ ಬೆಳಗ್ಗೆಯೇ ತಾತನನ್ನು ಆಸ್ಪತ್ರೆಗೆ ಸೇರಿಸುತ್ತಾರೆ. ವಾರದಿಂದ ಗಂಜಿಯನ್ನೂ ಮುಟ್ಟದವರು, ನಿನ್ನೆ ಗುಡುಗು ಕೇಳಿ ಕಣ್ಣು ಬಿಟ್ಟು, ಅಣಬೆ ಸಾರು ಬೇಕು ಅಂದಿದ್ದರು. ಅಂಗಡಿಗೆ ಹೊರಟ ಅಪ್ಪನನ್ನು ತಡೆದರು. ಡಬ್ಬಿಯಲ್ಲಿ ಬರುವ ಬಟನ್ ಮಶ್ರೂಮ್ ತಾತನ ಪ್ರಕಾರ ಅಣಬೆಯೇ ಅಲ್ಲ.

ರಾಜಾನುಕುಂಟೆಯ ಆಚೆ, ಹೊಸ ಲೇಔಟ್ ಮುಗಿದು ನೀಲಗಿರಿ ತೋಪು ಶುರುವಾಗುವ ಕಡೆ ಈ ಹೊಂಗೆ ಮರ ಇತ್ತು. ನೀಲಗಿರಿ ಕೆಳಗೆ ಹುಡುಕಿ ಸುಮ್ಮನೆ ಕಾಲು ಸವೆಸಬೇಡ, ಹೊಂಗೆ ನೆರಳಿನ ಹಳೇ ಹುತ್ತ ನೋಡು ಅಂತ ಹೇಳಿಕೊಟ್ಟವರು ತಾತ. ಪ್ರತಿ ವರ್ಷ ಇಬ್ಬರೇ ಬರುತ್ತಿದ್ದರು. ಹುತ್ತಕ್ಕೆ ಕಬ್ಬಿಣ ಸೋಕಿಸುವಂತಿಲ್ಲ, ಕೈಯಲ್ಲೇ ಮೆಲ್ಲಗೆ ಕೀಳಬೇಕು. ಕೊಡೆಯಂತೆ ಪೂರ್ತಿ ಅರಳಿದ ನಾಲ್ಕೈದನ್ನು ತಾತ ಮುಟ್ಟದೆ ಬಿಡುತ್ತಿದ್ದರು. ಅಷ್ಟು ಒಳ್ಳೆಯದನ್ನು ಬಿಟ್ಟು ಬರುವಾಗ ಕೀರ್ತಿಗೆ ಹೊಟ್ಟೆ ಉರಿಯುತ್ತಿತ್ತು.

ಒಳಗೆ ಇನ್ನೂ ಇರಬೇಕು ಅನ್ನಿಸಿತು. ಮುಳ್ಳು ಸರಿಸಲು ತಂದಿದ್ದ ಕುಡುಗೋಲಿನಿಂದ ಕೆದಕಿದಳು. ಮಣ್ಣಿನ ಹೆಂಟೆ ಕಳಚಿ ಬಿತ್ತು. ಬಿಳಿ ಮೊಗ್ಗುಗಳು ಕಂಡವು. ಆಸೆ ಹೆಚ್ಚಿತು. ಒಳಗಿನ ಮೆತ್ತನೆಯ ಗೂಡು ಪುಡಿಪುಡಿಯಾಯಿತು. ಗೆದ್ದಲುಗಳು ದಿಕ್ಕಾಪಾಲಾಗಿ ಓಡಿದವು. ತಾತ ಜೊತೆಗಿದ್ದಿದ್ದರೆ ಕಿವಿ ಹಿಂಡುತ್ತಿದ್ದರು. ಆದರೂ ಚೀಲ ತುಂಬುವ ತನಕ ಅಗೆದಳು.

ಅಮ್ಮ ಅಣಬೆಯನ್ನು ತಾತನಿಗೆ ತೋರಿಸಿದ ಮೇಲೆಯೇ ಒಲೆಗೆ ಇಟ್ಟರು. ಸಂಜೆ ತಾತ ಗೋಡೆಗೆ ಒರಗಿ ಕೂತು ನಾಲ್ಕು ತುತ್ತು ಮುದ್ದೆ ನುಂಗಿದರು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಕೀರ್ತಿಗೆ ಎಷ್ಟು ಖುಷಿಯಾಯಿತೆಂದರೆ ಹುತ್ತ ಮರೆತೇ ಹೋಗಿತ್ತು.

"ಎಷ್ಟು ಬುಟ್ಟು ಬಂದೆ ಮಗ?" ತಾತ ಕೇಳಿದರು.

"ಐದು, ತಾತ."

"ಅಂಗಾರೆ ಸರಿ. ಬರೋ ವರ್ಸ ನೀನೊಬ್ಳೇ ಓಗ್ಬೇಕಲ್ಲ. ನಿಂಗೆ ಇರ್ಲಿ."

ಕೀರ್ತಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆಸ್ಪತ್ರೆಯಿಂದ ಬಂದ ಮೇಲೆ ನಿಜ ಹೇಳಿದರಾಯಿತು ಅಂದುಕೊಂಡಳು. ತಾತ ಬರಲೇ ಇಲ್ಲ.

ಮುಂದಿನ ವರ್ಷ ಮಳೆಗಾಲದ ಮೊದಲ ಗುಡುಗಿಗೆ ಅವಳು ಎದ್ದು ಕೂತಳು. ಎರಡು ದಿನ ಕಾದು, ಮೂರನೇ ದಿನ ಸ್ಕೂಲಿಗೆ ಮೊದಲು ಬರಿಗೈಯಲ್ಲಿ ಹೋದಳು. ಕುಸಿದ ಹುತ್ತದ ಮೇಲೆ ಹುಲ್ಲು ಬೆಳೆದಿತ್ತು. ನಾಲ್ಕನೇ ದಿನವೂ ಹೋದಳು. ಐದನೇ ದಿನವೂ ಹೋದಳು. ಬರೀ ಹುಲ್ಲು.

ಅವಳು ಒದ್ದೆ ಮಣ್ಣಿನ ಮೇಲೆ ಅಂಗೈ ಇಟ್ಟಳು.

"ಒಂದೂ ಬಿಟ್ಟಿರ್ಲಿಲ್ಲ, ತಾತ."

ಅತ್ತು ಮುಗಿದ ಮೇಲೆ ಎದ್ದಳು. ಮರದ ಇನ್ನೊಂದು ಪಕ್ಕದಲ್ಲಿ ಗೆದ್ದಲುಗಳು ಹಸಿ ಮಣ್ಣು ಎತ್ತುತ್ತಿದ್ದವು. ಹೊಸ ಹುತ್ತ ಇನ್ನೂ ಗೇಣುದ್ದವೂ ಇರಲಿಲ್ಲ. ಅಲ್ಲಿ ಅಣಬೆ ಏಳಲು ಎಷ್ಟು ವರ್ಷ ಬೇಕೋ, ಕೇಳೋಣವೆಂದರೆ ತಾತ ಇಲ್ಲ. ಕೀರ್ತಿ ಕಾಲು ಸೋಕದಂತೆ ದೂರದಿಂದ ಸುತ್ತಿಕೊಂಡು ಮನೆ ಕಡೆ ನಡೆದಳು.