ನೀಲಿ ಚುಕ್ಕೆಯ ಬೂಟು

"ಅಯ್ಯೋ, ತಲೆ ಎತ್ತಬೇಡಿ!"

ಬಾಗಿಲ ಕಡೆಯಿಂದ ಗಂಡಸಿನ ದನಿ ಕೇಳಿ ಅವಳು ಬೆಚ್ಚಿದಳು. ಎತ್ತಲು ಹೊರಟಿದ್ದ ತಲೆಯನ್ನು ಮತ್ತೆ ತಗ್ಗಿಸಿದಳು. ಕಂಡಿದ್ದು ಒಂದು ಜೊತೆ ಬೂಟು ಮಾತ್ರ. ಮೈಯೆಲ್ಲ ಮರದ ಹೊಟ್ಟು, ಎಡಗಾಲಿನ ತುದಿಯಲ್ಲಿ ನೀಲಿ ಪೇಂಟಿನ ಚುಕ್ಕೆ.

"ನಾನು ಬಡಗಿ. ಮುಖ ಊರಿಕೊಳ್ಳೋಕೆ ಸ್ಟ್ಯಾಂಡ್ ಬೇಕು ಅಂತ ನಿಮ್ಮ ಚಿಕ್ಕಮ್ಮ ಹೇಳಿದ್ರು."

ಅವಳು ಬಟ್ಟೆ ಹೊಲಿಯುವವಳು. ಬಲಗಣ್ಣಿನ ಒಳಪರದೆ ಕಳಚಿ ಆಪರೇಷನ್ ಆಗಿತ್ತು. ಎಡಗಣ್ಣು ಹೇಗೋ ದಿನ ದೂಡುತ್ತಿತ್ತು, ಆದರೆ ಸೂಜಿಗೆ ದಾರ ಪೋಣಿಸಲು ಬಲಗಣ್ಣೇ ಬೇಕು. ಡಾಕ್ಟರು ಅದರೊಳಗೆ ಗಾಳಿಯ ಗುಳ್ಳೆ ಬಿಟ್ಟಿದ್ದರು. ಅದು ಪರದೆಯನ್ನು ಒತ್ತಿ ಹಿಡಿಯಬೇಕಾದರೆ ಎರಡು ವಾರ ಹಗಲೂ ರಾತ್ರಿ ಮುಖ ಕೆಳಗೇ ಇರಬೇಕು! ಎತ್ತಿದರೆ ಕಣ್ಣಿನ ಆಸೆ ಬಿಡಬೇಕು.

ಮೊದಲ ದಿನ ದೇವರ ಜೊತೆ ಜಗಳವಾಡಿದ್ದಳು. ಆಮೇಲೆ ಸುಸ್ತಾಗಿ ಸುಮ್ಮನಾದಳು. 'ಬಗ್ಗಿರು ಅಂದೆಯಲ್ಲ... ಬಗ್ಗಿರುತ್ತೇನೆ. ಮುಂದಿನದು ನಿನ್ನ ಕೆಲಸ.'

ಬೂಟುಗಳು ದಿನವೂ ಅವಳ ಹೊಲಿಗೆ ಅಂಗಡಿಗೆ ಬರತೊಡಗಿದವು. ಒಂದು ದಿನ, "ಗದ್ದದ ಹತ್ತಿರ ಸ್ವಲ್ಪ ಕೆತ್ತಬೇಕು." ಮರುದಿನ, "ಹಣೆ ಹತ್ತಿರ ಒತ್ತುತ್ತಾ?"

"ಹೀಗೇ ಕೆತ್ತಿದ್ರೆ ಕೊನೆಗೆ ಹಲ್ಲುಕಡ್ಡಿ ಉಳಿಯುತ್ತಪ್ಪಾ!" ಎಂದು ಚಿಕ್ಕಮ್ಮ ಕಾಲೆಳೆದರೆ, ಅವನ ಬದಲು ಬೂಟುಗಳೇ ನಾಚಿ ಹಿಂದೆ ಸರಿಯುತ್ತಿದ್ದವು. ಅವಳು ನೆಲ ನೋಡುತ್ತಲೇ ನಗುತ್ತಿದ್ದಳು.

ಎರಡನೇ ವಾರದ ಒಂದು ಮಧ್ಯಾಹ್ನ ನೀಲಿ ಚುಕ್ಕೆ ಎದುರು ಬಂದು ನಿಂತಿತು. ಚಿಕ್ಕಮ್ಮ ಇರಲಿಲ್ಲ. ಅವಳು ಧೈರ್ಯ ತಂದುಕೊಂಡಳು.

"ಏನೂ ಮಾತಾಡಬೇಡಿ, ಮೊದಲು ನಾನು ಹೇಳಿಬಿಡ್ತೀನಿ. ನಿಮ್ಮ ಮುಖ ನೋಡಿಲ್ಲ... ಆದ್ರೂ ನೀವಂದ್ರೆ ನನಗೆ ತುಂಬಾ ಇಷ್ಟ. ನನ್ನ ಕಣ್ಣು ಬರದೇನೂ ಇರಬಹುದು. ಅದಕ್ಕೂ ಒಪ್ಪಿಗೆ ಇದ್ರೆ ಮಾತ್ರ ನಾಳೆ ಬನ್ನಿ."

ಬೂಟುಗಳು ತಡವರಿಸಿದವು, ತಿರುಗಿದವು... ಹೊರಟೇಬಿಟ್ಟವು!

'ಒಂದೇ ಒಂದು ಸಲ ಎತ್ತಿ ನೋಡಿಬಿಡಲೇ?' ಕತ್ತು ಆಗಲೇ ಅಲುಗಿತ್ತು. ಅವಳು ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. 'ಇಲ್ಲ ದೇವರೇ. ಅವರು ಹೋದರೂ ಸರಿ... ನೀನು ಹೇಳಿದ ಹಾಗೇ.'

ಕಣ್ಣೀರು ಕೆನ್ನೆ ಮುಟ್ಟದೆ ನೇರವಾಗಿ ನೆಲಕ್ಕೆ ಬಿತ್ತು.

ಮರುದಿನ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವಳು ಬಗ್ಗಿಯೇ ಉಂಡಳು, ಬಗ್ಗಿಯೇ ಮಲಗಿದಳು. ಮನಸ್ಸು ನೋಯುತ್ತಿತ್ತು, ಆದರೆ ತಲೆ ಎತ್ತಲಿಲ್ಲ.

ವಾರದ ಕೊನೆಗೆ ಡಾಕ್ಟರು ಪರೀಕ್ಷಿಸಿ, "ಪರದೆ ಚೆನ್ನಾಗಿ ಕೂತಿದೆಯಮ್ಮ. ಇನ್ನು ತಲೆ ಎತ್ತಬಹುದು," ಎಂದರು. ಚಿಕ್ಕಮ್ಮ ಆಸ್ಪತ್ರೆಯಲ್ಲೇ ಗಳಗಳನೆ ಅತ್ತುಬಿಟ್ಟಳು.

ಸಂಜೆ ಅಂಗಡಿಯ ಬಾಗಿಲಲ್ಲಿ ಹೆಜ್ಜೆ ಸದ್ದಾಯಿತು. ಅಭ್ಯಾಸಬಲದಿಂದ ಅವಳು ಮೊದಲು ನೆಲ ನೋಡಿದಳು. ಹೊಚ್ಚ ಹೊಸ ಬೂಟು. ಯಾರೋ ಗಿರಾಕಿ.

"ಅಳತೆ ಕೊಡೋಕೆ ಬಂದ್ರಾ?"

"ಇಲ್ಲ... ಸ್ಟ್ಯಾಂಡ್ ಒತ್ತುತ್ತಾ ಅಂತ ಕೇಳೋಕೆ."

ಅದೇ ದನಿ!

"ಹಳೇ ಬೂಟು ಮನೇಲಿ ಬಿಟ್ಟು ಪರವೂರಿಗೆ ಬಾಗಿಲು ಕೂರಿಸೋಕೆ ಹೋಗಿದ್ದೆ," ಎಂದನು ಬಡಗಿ, ಒಂದೇ ಉಸಿರಿಗೆ. "ಸ್ಟ್ಯಾಂಡ್ ನೋಡ್ಕೊಂಡು ಬಾಪ್ಪಾ ಅಂತ ಅಪ್ಪನಿಗೆ ಹೇಳಿದ್ದೆ. ಅವರು ನನ್ನ ಬೂಟು ಹಾಕ್ಕೊಂಡು ಬಂದಿದ್ರು!"

"ಅಂದ್ರೆ... ನಾನು ಹೇಳಿದ್ದೆಲ್ಲ..."

"ಪಾಪ, ಅವರಿಗೆ ಬಾಯೇ ಬರಲಿಲ್ಲವಂತೆ. ಫೋನಲ್ಲಿ ಹೇಳೋ ಮಾತಾ ಅದು ಅಂತ, ನಾನು ಬರೋವರೆಗೂ ಹೊಟ್ಟೇಲಿಟ್ಟುಕೊಂಡು ಒದ್ದಾಡಿದ್ದಾರೆ. ಬಸ್ಸಿನ ಹತ್ತಿರವೇ ಬಂದು 'ಸೊಸೆ ಸಿಕ್ಕಿದಳು, ಓಡು' ಅಂದ್ರು. ಬಸ್ಸಿಂದ ಇಳಿದವನು ಓಡಿ ಬಂದೆ."

ಅವಳು ನಾಚಿ, ಹಳೆಯ ಅಭ್ಯಾಸದಂತೆ ತಲೆ ತಗ್ಗಿಸಿಯೇ ಇದ್ದಳು.

"ಅಪ್ಪನಿಗೆ ಹೇಳಿದ್ದನ್ನ ನನಗೂ ಒಂದ್ಸಲ ಹೇಳ್ತೀರಾ?"

ಅವಳ ತಲೆ ಇನ್ನಷ್ಟು ತಗ್ಗಿತು.

"ತಲೆ ಎತ್ತಿ. ಡಾಕ್ಟರೇ ಎತ್ತಬಹುದು ಅಂದಿದ್ದಾರಂತಲ್ಲ, ಹೊರಗೆ ನಿಮ್ಮ ಚಿಕ್ಕಮ್ಮ ಹೇಳಿದ್ರು!"

ಅವಳು ಮೆಲ್ಲನೆ ಮುಖ ಎತ್ತಿದಳು. ಬಲಗಣ್ಣಿನಲ್ಲಿ ಇನ್ನೂ ಸ್ವಲ್ಪ ಮಂಜು. ಆ ಮಂಜಿನಲ್ಲೂ ಅವನು ಅಳುತ್ತಿರುವುದು ಕಂಡಿತು.

"ಕಾಣಿಸ್ತಿದ್ದೀನಾ?"

"ಹೂಂ," ಎಂದಳು. "ಹತ್ತಿರ ಬನ್ನಿ, ಹೇಳ್ತೀನಿ."